ನಡಿಗೆಯ ಫಲಕ್ಕೆ ತಕ್ಕಡಿ ಸಾಕ್ಷಿಯೆ?

ಪ್ರತಿದಿನ ನಡೆಯುವವರ ಮೈಯಲ್ಲಿ ಕೊಬ್ಬು ನಿಲ್ಲಲಾರದೆಂಬ ನಂಬಿಕೆ ನಮ್ಮ ಜನರಲ್ಲಿ ಬಲವಾಗಿದೆ. ಇದನ್ನೇ ನೆಚ್ಚಿ ಮುಂಜಾನೆಯ ನಡಿಗೆಗೆ ತೊಡಗಿದವರು, ಎರಡು ತಿಂಗಳು ಕಳೆದರೂ ತೂಕ ಇಳಿಯದಿರುವುದನ್ನು ಕಂಡು, ನಡಿಗೆಯೇ ವ್ಯರ್ಥವೆಂದು ಬಗೆದು ಅದನ್ನು ಕೈಬಿಡುವುದುಂಟು. ಆ ನಂಬಿಕೆ ಎಷ್ಟರಮಟ್ಟಿಗೆ ಸರಿ, ಈ ನಿರಾಶೆಗೆ ಆಧಾರವುಂಟೆ ಎಂಬುದನ್ನು ವಿಚಾರಮಾಡುವುದು ಅಗತ್ಯವೆಂದು ನಮಗೆ ತೋರುತ್ತದೆ.

ಮೊದಲು ಲೆಕ್ಕವನ್ನು ನೋಡೋಣ. ೬೦ ಕಿಲೋಗ್ರಾಂ ತೂಕದ ವ್ಯಕ್ತಿಯೊಬ್ಬನು ಸಮತಟ್ಟಾದ ಹಾದಿಯಲ್ಲಿ ಒಂದು ಕಿಲೋಮೀಟರು ನಡೆದರೆ, ವಿಶ್ರಾಂತಿಯಲ್ಲಿಯೂ ತಗಲುವ ವೆಚ್ಚವನ್ನು ಕಳೆದು, ಹೆಚ್ಚಾಗಿ ವ್ಯಯವಾಗುವ ಶಕ್ತಿ ಸುಮಾರು ೩೦ ಕಿಲೋಕ್ಯಾಲೊರಿ. ನಾಲ್ಕು ಕಿಲೋಮೀಟರಿಗೆ ೧೨೦. ಮೈಯ ಒಂದು ಕಿಲೋಗ್ರಾಂ ಕೊಬ್ಬಿನಲ್ಲಿ ಅಡಗಿರುವುದಾದರೋ ಸುಮಾರು ೭,೭೦೦. ಎಂದರೆ ದಿನವೂ ನಾಲ್ಕು ಕಿಲೋಮೀಟರು ನಡೆದು, ಆಹಾರದಲ್ಲಿ ಒಂದು ತುತ್ತನ್ನೂ ಹೆಚ್ಚಿಸದಿದ್ದರೂ, ಒಂದು ಕಿಲೋಗ್ರಾಂ ಕರಗಲು ಎರಡು ತಿಂಗಳಿಗೂ ಮೇಲೆ ಬೇಕು. ಹಿಂದಿರುಗುವಾಗ ಹೋಟೆಲಿನಲ್ಲಿ ಒಂದು ವಡೆಯನ್ನು ತಿಂದು ಕಾಫಿ ಕುಡಿದರೆ ಆ ದಿನದ ಗಳಿಕೆ ಅಲ್ಲಿಗೇ ತೀರಿತು!

ಹಾಗಾದರೆ ನಡಿಗೆಗೂ ಕೊಬ್ಬಿಗೂ ಸಂಬಂಧವೇ ಇಲ್ಲವೆ? ಉಂಟು, ಅದು ಈ ಕೂಡಿ ಕಳೆಯುವ ಲೆಕ್ಕಕ್ಕಿಂತ ಸೂಕ್ಷ್ಮವಾದುದು. ಜೀನ್ ಮೇಯರ್ ಮತ್ತು ಅವರ ಸಂಗಡಿಗರು ಪಶ್ಚಿಮ ಬಂಗಾಳದ ಸೆಣಬಿನ ಕಾರ್ಖಾನೆಯೊಂದರಲ್ಲಿ ನಡೆಸಿ ೧೯೫೬ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಸ್ಮರಣೀಯ. ಕೆಲಸವು ಹಗುರದಿಂದ ಭಾರಕ್ಕೆ ಏರಿದಂತೆ ಕಾರ್ಮಿಕರ ಊಟವೂ ಏರುತ್ತಿತ್ತು; ತೂಕದಲ್ಲಿ ಮಾತ್ರ ಹೆಚ್ಚಿನ ಅಂತರವಿರಲಿಲ್ಲ. ಅಂಗಡಿಯಲ್ಲಿ ದಿನವಿಡೀ ಕುಳಿತಿರುತ್ತಿದ್ದ ವ್ಯಾಪಾರಿಗಳಾದರೋ ಮೈಮುರಿದು ದುಡಿಯುವವರಂತೆಯೇ ಉಣ್ಣುತ್ತಿದ್ದರು, ಅವರಿಗಿಂತ ಹೆಚ್ಚು ತೂಗುತ್ತಿದ್ದರು. ಮೈಗೆ ಕನಿಷ್ಠ ಚಲನೆಯೂ ಇಲ್ಲದಾದಾಗ ಹಸಿವು ತನ್ನ ಅಳತೆಯನ್ನು ತಪ್ಪುತ್ತದೆಂದು ಮೇಯರ್ ತರ್ಕಿಸಿದರು.

ಆದರೆ ಇಂತಹ ಹೋಲಿಕೆಗಳಲ್ಲಿ ಕಾರಣ ಯಾವುದು, ಕಾರ್ಯ ಯಾವುದು ಎಂಬ ಸಂಶಯ ಉಳಿದೇ ಉಳಿಯುತ್ತದೆ. ಲಂಡನ್ ನಗರದ ಎರಡಂತಸ್ತಿನ ಬಸ್ಸುಗಳಲ್ಲಿ ಮೆಟ್ಟಿಲುಗಳನ್ನು ಹತ್ತಿ ಇಳಿಯುತ್ತಿದ್ದ ಕಂಡಕ್ಟರುಗಳಿಗಿಂತ, ಕುಳಿತೇ ಇರುತ್ತಿದ್ದ ಡ್ರೈವರುಗಳಲ್ಲಿ ಹೃದ್ರೋಗ ಅಧಿಕವೆಂದು ಜೆರೆಮಿ ಮಾರಿಸ್ ಅವರ ತಂಡ ೧೯೫೩ರಲ್ಲಿ ತೋರಿಸಿತು. ಸಮವಸ್ತ್ರದ ದಾಖಲೆಗಳನ್ನು ಶೋಧಿಸಿ ಅದೇ ತಂಡ ೧೯೫೬ರಲ್ಲಿ ಕಂಡುಕೊಂಡುದು ಇನ್ನೂ ಸ್ವಾರಸ್ಯವಾದುದು: ಡ್ರೈವರುಗಳ ಷರಾಯಿಯ ಸೊಂಟ ಕಿರಿಯ ವಯಸ್ಸಿನವರಲ್ಲಿಯೂ ಕಂಡಕ್ಟರುಗಳದಕ್ಕಿಂತ ದೊಡ್ಡದಾಗಿತ್ತು. ಸ್ಥೂಲಕಾಯರೇ ಕುಳಿತು ಮಾಡುವ ಕೆಲಸಕ್ಕೆ ಹೆಚ್ಚಾಗಿ ಸೇರಿದ್ದಿರಬಹುದಷ್ಟೆ! ಆದರೂ ಸೊಂಟದ ಅಳತೆ ಸಮನಾಗಿದ್ದವರನ್ನು ಹೋಲಿಸಿದಾಗ, ಹೃದ್ರೋಗದಿಂದ ಹಠಾತ್ತಾಗಿ ಸಾಯುವುದು ಕಂಡಕ್ಟರುಗಳಲ್ಲಿ ಕಡಿಮೆಯಾಗಿತ್ತು. ಚಲನೆಯ ಫಲವೆಲ್ಲವೂ ಗಾತ್ರದಲ್ಲಿ ಕಾಣತಕ್ಕದ್ದಲ್ಲವೆಂಬುದಕ್ಕೆ ಇದೊಂದು ಸೂಚನೆ.

ಈಚಿನ ಪ್ರಯೋಗಗಳು ಇದಕ್ಕೆ ಪುಷ್ಟಿಯನ್ನು ಕೊಟ್ಟಿವೆ. ಬಿರುಸಿನ ನಡಿಗೆಯಂತಹ ವ್ಯಾಯಾಮವನ್ನು ನಿಯಮದಿಂದ ಮಾಡುವವರಲ್ಲಿ, ತೂಕ ಇಳಿಯದಿದ್ದಾಗಲೂ, ಹೊಟ್ಟೆಯೊಳಗಿನ ಅಂಗಗಳ ಸುತ್ತ ಸೇರಿದ ಕೊಬ್ಬು ಕುಗ್ಗಬಲ್ಲುದು. ಮಧುಮೇಹ ಮತ್ತು ಹೃದ್ರೋಗಗಳಿಗೆ ಹಾದಿ ಮಾಡಿಕೊಡುವುದರಲ್ಲಿ ಈ ಒಳಗೊಬ್ಬು ಚರ್ಮದಡಿಯ ಕೊಬ್ಬಿಗಿಂತ ಮುಂದು. ತೂಕ ಸಮನಾಗಿದ್ದರೂ ಭಾರತೀಯರ ಮೈಯಲ್ಲಿ ಯುರೋಪಿಯನ್ನರಿಗಿಂತ ಕೊಬ್ಬಿನ ಪಾಲು ಸಾಮಾನ್ಯವಾಗಿ ಹೆಚ್ಚಾಗಿರುವುದರಿಂದ, ಸೊಂಟದ ಸುತ್ತಳತೆ ಗಂಡಸರಲ್ಲಿ ೯೦, ಹೆಂಗಸರಲ್ಲಿ ೮೦ ಸೆಂಟಿಮೀಟರನ್ನು ಮುಟ್ಟದಿರುವುದು ಕ್ಷೇಮವೆಂದು ವೈದ್ಯರು ಗೊತ್ತುಪಡಿಸಿದ್ದಾರೆ.

ಆದಕಾರಣ ನಮ್ಮ ಅಭಿಪ್ರಾಯವಿಷ್ಟು. ತೂಕವನ್ನು ಇಳಿಸಬೇಕಾದವರು ಊಟದಲ್ಲಿ ಮಿತಿಯನ್ನು ಪಾಲಿಸಲೇಬೇಕು. ನಡಿಗೆಯೊಂದರಿಂದಲೇ ಅದು ಸಾಧಿಸಲಾರದು. ನಡಿಗೆಯ ಫಲವನ್ನು ಅರಿಯಬಯಸುವವರು ತಕ್ಕಡಿಯನ್ನು ಬದಿಗಿಟ್ಟು ದರ್ಜಿಯ ಅಳತೆಪಟ್ಟಿಯನ್ನು ಕೈಗೆತ್ತಿಕೊಳ್ಳುವುದು ಲೇಸು. ಮುಂಜಾನೆ ಅರ್ಧ ಗಂಟೆ ಉದ್ಯಾನದಲ್ಲಿ ಸುತ್ತುಹಾಕಿ, ಉಳಿದ ಹೊತ್ತೆಲ್ಲ ಕುರ್ಚಿಗೆ ಅಂಟಿಕೊಂಡಿರುವುದರಿಂದ ಪೂರ್ಣ ಪ್ರಯೋಜನವಾಗಲಾರದು. ಅಂಗಡಿಗೆ, ಕಚೇರಿಗೆ, ಶಾಲೆಗೆ ಕಾಲ್ನಡಿಗೆಯಿಂದಲೇ ಹೋಗಿಬರುವ ರೂಢಿ ಮರಳಿ ಬರಬೇಕು. ಅದಕ್ಕೆ ನಡೆಯುವವರ ಸಂಕಲ್ಪವೊಂದೇ ಸಾಲದು. ಕಲ್ಲು ಕಿತ್ತ ಕಾಲುದಾರಿ, ಅದರ ಮೇಲೆಯೇ ನಿಂತ ವಾಹನಗಳು, ದಾಟಲಾಗದ ರಸ್ತೆಗಳು ಇರುವ ಊರಿನಲ್ಲಿ ವೃದ್ಧರಿಗೆ ನಡೆಯಿರೆಂದು ಉಪದೇಶಿಸುವುದು ಸಲ್ಲದು. ನಡೆಯಲು ನಿರ್ಭಯವಾದ ದಾರಿಯನ್ನು ಒದಗಿಸುವುದೂ ಆರೋಗ್ಯರಕ್ಷಣೆಯ ಕಾರ್ಯವೆಂಬುದನ್ನು ನಮ್ಮ ನಗರಾಡಳಿತಗಳು ಮನಗಾಣಬೇಕು.