ಉಳಿದ ಒಂದು ದಿನ

ಮೈಸೂರಿಗೆ ಬಂದ ಪ್ರವಾಸಿಗರ ಕೈಯಲ್ಲಿ ಒಂದು ದಿನ ಉಳಿದ್ರೆ ಎಲ್ಲಿಗೆ ಹೋಗ್ತಾರೆ? ಶ್ರೀರಂಗಪಟ್ಟಣ, ಸೋಮನಾಥಪುರ, ತಲಕಾಡು. ಇಲ್ಲಾಂದ್ರೆ ನಂಜನಗೂಡು. ಆ ನಂಜನಗೂಡಿನಿಂದ ಚಾಮರಾಜನಗರದ ಕಡೆ ಹೋಗೋ ರೈಲಲ್ಲಿ ಇನ್ನೊಂದಷ್ಟು ದೂರ ಕೂತಿದ್ರೆ ಕವಲಂದೆ ಸ್ಟೇಷನ್ ಬರುತ್ತೆ. ಕ್ಯಾಮೆರಾ ನೇತು ಹಾಕ್ಕೊಂಡು ಅಲ್ಲಿ ಇಳಿದವರನ್ನ ನಾನಂತೂ ನೋಡಿಲ್ಲ. ಅದು ನನ್ನೂರು.

ಯಾರ ಪಟ್ಟಿಯಲ್ಲೂ ಇಲ್ಲದ ಊರಿನವಳಾದ್ರೂ, ಬೇರೆಯವರ ದೇಶಕ್ಕೆ ಹೊರಟಾಗ ನಾನು ಮಾಡಿದ ಮೊದಲ ಕೆಲಸ 'ನೋಡಲೇಬೇಕಾದ ಹತ್ತು ಜಾಗಗಳು' ಅಂತ ಹುಡುಕಿದ್ದು. ನೀವೂ ಅದನ್ನೇ ಮಾಡ್ತೀರಿ, ಗೊತ್ತು.

ಕಳೆದ ಡಿಸೆಂಬರ್‌ನಲ್ಲಿ ಅಪ್ಪ, ಅಮ್ಮನನ್ನ ಬ್ಯಾಂಕಾಕ್‌ಗೆ ಕರ್ಕೊಂಡು ಹೋದೆ. ಇಬ್ಬರಿಗೂ ಮೊದಲ ವಿಮಾನ, ಮೊದಲ ಪಾಸ್‌ಪೋರ್ಟ್. ಬೆಂಗಳೂರಿನಿಂದ ನಾಲ್ಕು ಗಂಟೆಯೊಳಗೆ ತಲುಪಬಹುದು, ವೀಸಾ ತಲೆನೋವಿಲ್ಲ, ನನ್ನ ರಜೆಗೂ ಜೇಬಿಗೂ ಹೊಂದುತ್ತೆ ಅನ್ನೋದು ಲೆಕ್ಕ. ಟಿಕೆಟ್ ಮೇಲೆ ಐದು ದಿನ. ಬರೋ ದಿನ, ಹೋಗೋ ದಿನ ಕಳೆದ್ರೆ ಮೂರು. ಅದರಲ್ಲಿ ಎರಡು ದಿನ ಅರಮನೆ, ದೇವಸ್ಥಾನ, ನದಿ, ಅಂಗಡಿ ಅಂತ ಬ್ಯಾಂಕಾಕ್‌ಗೇ ಬೇಕು. ಉಳಿದಿದ್ದು ಒಂದೇ ದಿನ.

ಆ ಒಂದು ದಿನಕ್ಕೆ ನನ್ನ ಫೋನಲ್ಲಿ ನಾಲ್ಕು ಹೆಸರು ಇದ್ವು.

ಒಂದು, ಪಟ್ಟಾಯ. ಸಮುದ್ರ, ದ್ವೀಪ, ದೋಣಿ. ರಸ್ತೆಯಲ್ಲಿ ಸುಮಾರು 150 ಕಿಲೋಮೀಟರ್. ಆಫೀಸಿನಲ್ಲಿ ಎಲ್ಲರೂ ಹೇಳಿದ್ದು ಇದನ್ನೇ.

ಎರಡು, ಕಾಂಚನಬುರಿ. ಎರಡನೇ ಮಹಾಯುದ್ಧದಲ್ಲಿ ಜಪಾನೀಯರು ಯುದ್ಧಕೈದಿಗಳನ್ನೂ ಏಷ್ಯಾದ ಕೂಲಿಗಳನ್ನೂ ದುಡಿಸಿ, 1942–43ರಲ್ಲಿ ಬರ್ಮಾಕ್ಕೆ ಹಾಕಿಸಿದ 415 ಕಿಲೋಮೀಟರ್ ರೈಲು ಹಾದಿಯ ಊರು. ಕ್ವಾಯ್ ನದಿ ಸೇತುವೆ ಇರೋದು ಅಲ್ಲೇ. ಮಲಯದ ರಬ್ಬರ್ ತೋಟಗಳಿಂದ ಹೋದ ಎಷ್ಟೋ ತಮಿಳರು ಆ ಹಾದಿಯಲ್ಲೇ ಸತ್ತರು.

ಮೂರು, ಮೇಕ್ಲಾಂಗ್. ಹಳಿ ಮೇಲೇ ತರಕಾರಿ ಸಂತೆ. ರೈಲು ಬಂದಾಗ ಕೊಡೆ ಮಡಚಿ, ಹೋದ ಮೇಲೆ ಬಿಚ್ಚೋ ವಿಡಿಯೋ ನಿಮಗೂ ಬಂದಿರುತ್ತೆ.

ನಾಲ್ಕು, ಅಯುತ್ಥಯಾ. ಹಳೇ ರಾಜಧಾನಿ, ಪಾಳುಬಿದ್ದ ದೇವಾಲಯಗಳು. ಬ್ಯಾಂಕಾಕ್‌ನಿಂದ ಎಂಬತ್ತು ಕಿಲೋಮೀಟರಿನ ಒಳಗೆ.

ಹೊರಡೋಕೆ ತಿಂಗಳಿರುವಾಗ ಊರಿಗೆ ಹೋಗಿ ನಾಲ್ಕೂ ವಿಡಿಯೋ ತೋರಿಸಿದೆ. ಅಮ್ಮ, "ನೀವೆಲ್ಲಿಗೆ ಅಂದ್ರೂ ಸರಿ ಕನವ್ವ" ಅಂದು ಸೊಪ್ಪು ಸೋಸೋಕೆ ಹೋದ್ರು. ಅಪ್ಪ ಮೂರನೇ ವಿಡಿಯೋವನ್ನ ಮತ್ತೆ ಹಾಕು ಅಂದ್ರು. ಕೊಡೆ ಮಡಚೋ ಹೆಂಗಸರನ್ನ ಅವರು ನೋಡಲೇ ಇಲ್ಲ. ಫೋನನ್ನ ಕಣ್ಣಿನ ಹತ್ರ ಹಿಡಿದು, "ಇದು ಮೀಟರ್ ಗೇಜು" ಅಂದ್ರು. ಅಷ್ಟೇ. ಫೋನ್ ವಾಪಸ್ ಕೊಟ್ರು.

ಅಪ್ಪ ರೈಲ್ವೇಲಿ ಕೀಮ್ಯಾನ್ ಆಗಿದ್ದವರು. ಹೆಗಲ ಮೇಲೆ ಸುತ್ತಿಗೆ, ಸ್ಪ್ಯಾನರ್, ಕಂಕುಳಲ್ಲಿ ಕೆಂಪು–ಹಸಿರು ಬಾವುಟ. ದಿನಾ ಬೆಳಗ್ಗೆ ತಮ್ಮ ಪಾಲಿನ ಹಳಿಯನ್ನ ನಡೆದು ನೋಡೋದು, ಸಡಿಲ ಆದ ಕೀಲಿಗಳನ್ನ ಬಡಿದು ಕೂರಿಸೋದು ಕೆಲಸ. ಮೈಸೂರಿನಿಂದ ಚಾಮರಾಜನಗರಕ್ಕೆ 61 ಕಿಲೋಮೀಟರ್. ಮೈಸೂರು–ನಂಜನಗೂಡು ಹಾದಿ 1891ರದ್ದು. ಅಲ್ಲಿಂದ ಚಾಮರಾಜನಗರಕ್ಕೆ, ಅಂದ್ರೆ ನಮ್ಮೂರಿನ ಮೇಲೆ, ಹಳಿ ಬಂದದ್ದು 1926ರಲ್ಲಿ. ನಾನು ಹೈಸ್ಕೂಲಿಗೆ ಹೋಗೋ ಹೊತ್ತಿಗೆ, 2008ರಲ್ಲಿ, ಅದು ಪೂರ್ತಿ ಬ್ರಾಡ್ ಗೇಜ್ ಆಯ್ತು. ಕಪಿಲೆ ಮೇಲಿದ್ದ ಹಳೇ ಕಲ್ಲುಸೇತುವೆ ಬಿಟ್ಟು ರೈಲು ಹೊಸ ಸೇತುವೆ ಹಿಡೀತು. ನಮಗೆ ಅದು ಖುಷಿಯ ಸುದ್ದಿ: ದೊಡ್ಡ ರೈಲು, ಬೆಂಗಳೂರಿಗೆ ನೇರ ಗಾಡಿ. ತಾವೇ ವರ್ಷಗಟ್ಟಲೆ ಬಿಗಿ ಮಾಡಿದ್ದ ಹಳಿಯನ್ನ ಕೀಳೋ ಕೆಲಸದಲ್ಲಿ ಅಪ್ಪನೂ ಇದ್ರು ಅನ್ನೋದು ಆಗ ನನ್ನ ತಲೆಗೆ ಬಂದೇ ಇರಲಿಲ್ಲ.

ಆವತ್ತು 'ಮೀಟರ್ ಗೇಜು' ಅಂದಾಗಲೂ ಬರಲಿಲ್ಲ. ನಾನು ಪಟ್ಟಾಯ ಅಂತಲೇ ಮನಸ್ಸು ಮಾಡಿದ್ದೆ. ಟೂರ್ ಬುಕ್ ಮಾಡಿಕೊಟ್ಟವರೂ ಅದನ್ನೇ ಒತ್ತಿದ್ರು: ಬೆಳಗ್ಗೆ ಆರಕ್ಕೆ ವ್ಯಾನು, ರಾತ್ರಿ ಒಂಬತ್ತಕ್ಕೆ ವಾಪಸ್, ಊಟ ಸೇರಿ. ಪುಣ್ಯಕ್ಕೆ ಮುಂಗಡ ಕಟ್ಟಿರಲಿಲ್ಲ.

ಬ್ಯಾಂಕಾಕ್‌ನಲ್ಲಿ ಎರಡನೇ ರಾತ್ರಿ ಅಮ್ಮನ ಮಂಡಿ ಊದಿಕೊಂಡಿತ್ತು. ಬಿಸಿನೀರಿನ ಬಟ್ಟೆ ಇಡುತ್ತಾ ನಾಳಿದ್ದಿನ ಲೆಕ್ಕ ಹಾಕಿದೆ. ಪಟ್ಟಾಯ ಅಂದ್ರೆ ವ್ಯಾನಲ್ಲೇ ನಾಲ್ಕೈದು ಗಂಟೆ, ಆಮೇಲೆ ದೋಣಿ ಹತ್ತಿ ಇಳಿಯೋದು. ಕಾಂಚನಬುರಿಗೆ ರೈಲಲ್ಲಿ ಹೋಗೋಕೇ ಮೂರು ಗಂಟೆ ಹತ್ರ, ದಿನಕ್ಕಿರೋದು ಬೆರಳೆಣಿಕೆಯ ಗಾಡಿ. ಒಂದು ತಪ್ಪಿದ್ರೆ ದಿನ ಹೋಯ್ತು. ಮೇಕ್ಲಾಂಗ್‌ನಲ್ಲಿ ಕಾಲಿಡೋಕೆ ಜಾಗ ಇರಲ್ಲ ಅಂತ ಹೋಟೆಲಿನವರೇ ಹೇಳಿದ್ರು. ಅಯುತ್ಥಯಾಗೆ ಎರಡು ಗಂಟೆಯೊಳಗೆ ರೈಲು, ಸಂಜೆವರೆಗೂ ವಾಪಸ್ ಗಾಡಿಗಳಿವೆ, ಸುಸ್ತಾದ್ರೆ ಅರ್ಧಕ್ಕೇ ತಿರುಗಬಹುದು.

"ಅಪ್ಪಾ, ರೈಲಲ್ಲಿ ಹೋಗೋಣ್ವಾ?" ಅಂದೆ.

ಕಿಟಕಿ ಕಡೆ ತಿರುಗಿ ಕೂತಿದ್ದವರು ತಿರುಗಿ ನೋಡಿದ್ರು. "ಹಳಿ ನೋಡ್ಬೋದಾ?" ಅಂದ್ರು.

ಈ ಪ್ರವಾಸದಲ್ಲಿ ಅವರು ಏನಾದ್ರೂ ಕೇಳಿದ್ದು ಅದೇ ಮೊದಲು.

ಮೆಟ್ರೋದ ನೀಲಿ ಲೈನಿನಲ್ಲಿ ಹುವಾ ಲಂಫೋಂಗ್ ಸ್ಟೇಷನ್ನಿಗೆ ಹೋದ್ವಿ. 2023ರ ಜನವರಿಯಿಂದ ದೂರದ ರೈಲುಗಳೆಲ್ಲ ಕ್ರುಂಗ್ ತೇಪ್ ಅಫಿವತ್ ಅನ್ನೋ ಹೊಸ ದೊಡ್ಡ ನಿಲ್ದಾಣಕ್ಕೆ ಹೋಗಿವೆ. ಪ್ಯಾಸೆಂಜರ್ ಗಾಡಿಗಳು ಮಾತ್ರ ಈಗಲೂ ಹಳೇ ಸ್ಟೇಷನ್ನಿನಿಂದ ಹೊರಡ್ತವೆ. ಮೂರನೇ ದರ್ಜೆ ಟಿಕೆಟ್ ತಲೆಗೆ 20 ಬಾತ್ ಆಸುಪಾಸು. ಮೂರು ಜನ ಹೋಗಿ ಬರೋ ಖರ್ಚು ಬೆಂಗಳೂರು ಏರ್‌ಪೋರ್ಟಿನ ಒಂದು ಕಾಫಿಗಿಂತ ಕಮ್ಮಿ.

ಪ್ಲಾಟ್‌ಫಾರಂ ಅಂಚಲ್ಲಿ ಅಪ್ಪ ಕುಕ್ಕರುಗಾಲಲ್ಲಿ ಕೂತು ಬಗ್ಗಿ ನೋಡಿದ್ರು. "ಮೂರಡಿ ಮೂರಿಂಚು, ಮೇಲೊಂದ್ ಚೂರು" ಅಂದ್ರು. ನಾನು ಫೋನಲ್ಲಿ ನೋಡಿದೆ. 1,000 ಮಿಲಿಮೀಟರ್. ಥಾಯ್ಲೆಂಡಿನ ರೈಲ್ವೆ ಹೆಚ್ಚೂಕಮ್ಮಿ ಎಲ್ಲಾ ಮೀಟರ್ ಗೇಜೇ. ನಮ್ಮ ಬ್ರಾಡ್ ಗೇಜ್ 1,676.

ಇನ್ನೊಂದು ವಿಷಯವೂ ಸಿಕ್ತು. ಆ ದೇಶದ ಸರ್ಕಾರಿ ರೈಲು ಮೊದಲು ಓಡಿದ್ದು ಇದೇ ಬ್ಯಾಂಕಾಕ್–ಅಯುತ್ಥಯಾ ಹಾದಿಯಲ್ಲಿ, 1890ರ ದಶಕದಲ್ಲಿ. ಅಂದ್ರೆ ನಂಜನಗೂಡಿಗೆ ರೈಲು ಬಂದ ಕಾಲದಲ್ಲೇ. ಆಗ ಹಾಕಿದ್ದು 1,435 ಮಿಲಿಮೀಟರಿನ ಸ್ಟ್ಯಾಂಡರ್ಡ್ ಗೇಜ್. ದಕ್ಷಿಣದ ಹಾದಿ, ಮಲಯದ ಹಾದಿ ಎಲ್ಲ ಮೀಟರ್ ಗೇಜ್ ಆಗಿದ್ದರಿಂದ, 1920ರ ದಶಕದಲ್ಲಿ ಇದನ್ನೂ ಕಿತ್ತು ಚಿಕ್ಕದು ಮಾಡಿದ್ರು. ಹೇಳಿದೆ. ಅಪ್ಪ ನಕ್ಕರು. "ನಾವು ಚಿಕ್ಕದ್ ಕಿತ್ತು ದೊಡ್ಡದ್ ಹಾಕ್ದೋ. ಇವ್ರು ದೊಡ್ಡದ್ ಕಿತ್ತು ಚಿಕ್ಕದ್ ಹಾಕವ್ರೆ. ಕಿತ್ತೋರ ಸೊಂಟ ಎರಡ್ ಕಡೇನೂ ಒಂದೇ."

ಎಸಿ ಇಲ್ಲದ ಬೋಗಿ, ತೆರೆದ ಕಿಟಕಿ, ತಲೆ ಮೇಲೆ ಫ್ಯಾನು. ಬುಟ್ಟಿ ಹಿಡಿದ ಹೆಂಗಸರು ಬೋಗಿಯಿಂದ ಬೋಗಿಗೆ ಕೂಗ್ತಾ ಹೋಗ್ತಿದ್ರು. ಅಮ್ಮ ಸುಟ್ಟ ಬಾಳೆಹಣ್ಣು ತಗೊಂಡು ತಿಂದು, "ನಮ್ಮ ರಸಬಾಳೆ ಮುಂದೆ ಇದೇನೂ ಇಲ್ಲ" ಅಂತ ಜಿಐ ಟ್ಯಾಗ್ ಸಿಕ್ಕಿದ ಊರಿನವರ ಗತ್ತಲ್ಲಿ ತೀರ್ಪು ಕೊಟ್ರು. ಅಪ್ಪ ಬಾಗಿಲ ಹತ್ರ ನಿಂತು ಹಳಿ ಕೂಡೋ ಕಡೆಯ ಸದ್ದು ಕೇಳ್ತಿದ್ರು. ನಾನು ಪಕ್ಕ ಹೋಗಿ ನಿಂತೆ.

"ನೀನ್ ಹುಟ್ಟಿದ್ ಸುದ್ದಿ ನಂಗೆ ಹೇಳಿದ್ದು ಗಾಡಿ ಗಾರ್ಡು, ಗೊತ್ತಾ?" ಅಂದ್ರು, ಹೊರಗೆ ನೋಡ್ತಾನೇ.

ಗೊತ್ತಿರಲಿಲ್ಲ.

ಅಮ್ಮನನ್ನ ನಂಜನಗೂಡಿನ ಆಸ್ಪತ್ರೆಗೆ ಸೇರಿಸಿದ್ರು. ಫೋನ್ ಇಲ್ಲದ ಕಾಲ. ಅಪ್ಪನಿಗೆ ರಜೆ ಸಿಕ್ಕಿರಲಿಲ್ಲ, ಹಳಿ ಮೇಲೆ ಡ್ಯೂಟಿ. ಸೋದರಮಾವ ಸ್ಟೇಷನ್ನಿಗೆ ಓಡಿ ಬಂದು ಗಾರ್ಡ್ ಕಿವಿಗೆ ಹಾಕಿದ್ರಂತೆ. ಕವಲಂದೆ ಇನ್ನೂ ಎರಡು ಮೈಲಿ ಇರುವಾಗ ಗಾಡಿ ಅಪ್ಪನ ಪಕ್ಕ ಹಾದು ಹೋಯ್ತು. ಕೊನೇ ಬೋಗಿಯಿಂದ ಗಾರ್ಡ್ ಹಸಿರು ಬಾವುಟ ಆಡಿಸಿ, "ಹೆಣ್ಣು ಮಗು ಕಣಯ್ಯಾ!" ಅಂತ ಕೂಗಿದ್ರು.

"ಆಮೇಲೆ?"

"ಆಮೇಲೇನು, ಉಳ್ದಿದ್ ಹಾದಿ ನಡ್ದೆ. ಒಂದ್ ಕೀಲಿನೂ ಬುಡ್ಲಿಲ್ಲ. ಸಂಜೆ ಗಾಡಿಗೆ ಬಂದು ನಿನ್ನ ನೋಡ್ದೆ."

ಮೂವತ್ತು ವರ್ಷ ಒಂದೇ ಮನೆಯವರಾಗಿದ್ದೂ ಈ ಮಾತು ನನಗೆ ಸಿಕ್ಕಿರಲಿಲ್ಲ. ಯಾವತ್ತೂ ಮುಚ್ಚಿಟ್ಟದ್ದಲ್ಲ. ಆ ಸದ್ದು ಕೇಳದೆ ಅವರಿಗೇ ಮರೆತಿತ್ತೋ ಏನೋ. ಊರಿನ ರೈಲಲ್ಲಿ ಈಗ ಆ ಸದ್ದೇ ಬೇರೆ.

ಅಯುತ್ಥಯಾ ಸ್ಟೇಷನ್ನಿನಿಂದ ನಾಲ್ಕು ಹೆಜ್ಜೆ ನಡೆದ್ರೆ ಪಾ ಸಕ್ ನದಿ. ಚಿಕ್ಕ ದೋಣಿಯಲ್ಲಿ ಆಚೆ ದಡ. ಅಲ್ಲಿ ಮೂತಿ ಮುಂದೆ ಚಾಚಿದ, ಆ ಊರಿಗೇ ಮೀಸಲಾದ ಟುಕ್‌ಟುಕ್ ಗಾಡಿಯನ್ನ ಗಂಟೆ ಲೆಕ್ಕದಲ್ಲಿ ಹಿಡಿದ್ವಿ. ಹೆಸರು ನಮ್ಮ ಅಯೋಧ್ಯೆಯಿಂದಲೇ ಬಂದದ್ದು. 1350ರ ಹೊತ್ತಿಗೆ ಕಟ್ಟಿದ ರಾಜಧಾನಿ; 1767ರಲ್ಲಿ ಬರ್ಮಾ ಸೈನ್ಯ ಸುಟ್ಟು ಹಾಕಿತು. ಹೈದರಾಲಿ ಮೈಸೂರಿನ ಅಧಿಕಾರ ಹಿಡಿದು ಆಗ ಆರೇ ವರ್ಷ. 1991ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ.

ವಾಟ್ ಮಹಾಥಾಟ್‌ನಲ್ಲಿ ಮರದ ಬೇರುಗಳು ಅಪ್ಪಿ ಹಿಡಿದಿರೋ ಬುದ್ಧನ ತಲೆ ಇದೆ. ಅದರ ಮುಂದೆ ನಿಂತು ಫೋಟೋ ತೆಗೆಸ್ಕೊಳ್ಳೋ ಹಾಗಿಲ್ಲ, ನಮ್ಮ ತಲೆ ಬುದ್ಧನ ತಲೆಗಿಂತ ಕೆಳಗಿರಬೇಕು. ಜೀನ್ಸ್ ಹಾಕಿದ್ದ ನಾನು ಕೂರೋಕೆ ಒದ್ದಾಡಿದೆ. ಅಪ್ಪ ಹಳಿ ಪಕ್ಕ ಕೂತ ಹಾಗೇ ಸಲೀಸಾಗಿ ಕೂತ್ರು. ಪ್ರವಾಸದಲ್ಲಿ ಅಪ್ಪ ನಕ್ಕಿರೋ ಫೋಟೋ ಅದೊಂದೇ.

ಮೂರೇ ಜಾಗ ನೋಡಿದ್ವಿ. ಹಿಂದೆ ಬರುವಾಗ ಹಳಿ ಪಕ್ಕ ಸಾಲಾಗಿ ನಿಂತ ಕಾಂಕ್ರೀಟ್ ಕಂಬಗಳನ್ನ ಅಪ್ಪ ತೋರಿಸಿದ್ರು. ನಖೋನ್ ರಾಚಸೀಮಾ ಕಡೆಗೆ ಹಾಕ್ತಿರೋ ಹೈಸ್ಪೀಡ್ ರೈಲಿನ ಕಂಬಗಳು. ಅದು ಮತ್ತೆ 1,435ರ ಸ್ಟ್ಯಾಂಡರ್ಡ್ ಗೇಜ್. "ಇಲ್ಲೂ ಬಂತು ಬುಡು" ಅಂದ್ರು. ಬೇಜಾರಿಲ್ಲದೆ, ಕೆಲಸ ಗೊತ್ತಿರೋರ ದನಿಯಲ್ಲಿ.

ನೀವು ಹೀಗೆ ಹೊರಡೋದಾದ್ರೆ ನಾನು ಕಲಿತಿದ್ದು ಇಷ್ಟು. ಹೋಗೋ ಗಾಡಿಗಿಂತ ಮೊದಲು ವಾಪಸ್ ಬರೋ ಗಾಡಿ ನೋಡಿ. ಕಿಲೋಮೀಟರ್ ಬಿಟ್ಟು, ಹೋಟೆಲ್ ಬಾಗಿಲಿಂದ ಹೋಟೆಲ್ ಬಾಗಿಲಿಗೆ ಎಷ್ಟು ಗಂಟೆ ಅಂತ ಎಣಿಸಿ. ಪಕ್ಕದ ಊರಿನ ಟಿಕೆಟನ್ನ ಇಲ್ಲಿಂದಲೇ ಕಟ್ಟಬೇಡಿ. ಅಲ್ಲಿಗೆ ಹೋಗಿ ಎರಡು ದಿನ ಆದ ಮೇಲೆ ಯಾರ ಕಾಲಿಗೆ ಎಷ್ಟು ಶಕ್ತಿ ಅಂತ ಗೊತ್ತಾಗುತ್ತೆ. ದೇವಾಲಯಕ್ಕೆ ಹೆಗಲು, ಮಂಡಿ ಮುಚ್ಚೋ ಬಟ್ಟೆ ಇರಲಿ. ಸಸ್ಯಾಹಾರಿಗಳು 'ಜೇ' ಅನ್ನೋ ಪದ ಕಲಿತ್ಕೊಳ್ಳಿ. ಮಾಂಸ, ಮೀನಿನ ಸಾಸ್ ಯಾವುದೂ ಹಾಕಲ್ಲ. 2025ರ ಮೇ 1ರಿಂದ ಥಾಯ್ಲೆಂಡಿಗೆ ಹೋಗೋರು ತಲುಪೋ ಮುಂಚಿನ ಮೂರು ದಿನದೊಳಗೆ ಆನ್‌ಲೈನ್ ಆಗಮನ ಕಾರ್ಡ್ ತುಂಬಬೇಕು. ಅದು ಉಚಿತ. ದುಡ್ಡು ಕೇಳೋ ವೆಬ್‌ಸೈಟ್ ಸರ್ಕಾರದ್ದಲ್ಲ.

ಇದೆಲ್ಲ ಆದ ಮೇಲೂ ಎರಡು ಜಾಗ ಸಮಸಮ ಉಳಿದ್ರೆ, ಜೊತೆಗಿರೋರಲ್ಲಿ ಕಮ್ಮಿ ಮಾತಾಡೋರನ್ನ ಕೇಳಿ. "ಎಲ್ಲಿಗೆ ಹೋಗೋಣ" ಅಂತ ಕೇಳಿದ್ರೆ "ಎಲ್ಲಾದ್ರೂ ಸರಿ" ಅಂತಾರೆ. "ಏನ್ ನೋಡ್ಬೇಕು" ಅಂತ ಕೇಳಿ.

ಇಷ್ಟು ದೊಡ್ಡದಾಗಿ ಬುದ್ಧಿ ಹೇಳ್ತಿದ್ದೀನಲ್ಲ, ಪೂರ್ತಿ ಕೇಳಿ.

ವಾಪಸ್ ಬರೋ ವಿಮಾನದಲ್ಲಿ ಅಮ್ಮನಿಗೆ ಕಿಟಕಿ ಸೀಟು ಸಿಕ್ಕಿತ್ತು. ಕೆಳಗೆ ನೀಲಿ ಮುಗಿಯೋ ತನಕ ಅವರು ಕತ್ತು ತಿರುಗಿಸಲಿಲ್ಲ. ಊಟ ತಂದಿಟ್ರೂ ನೋಡಲಿಲ್ಲ.

"ಏನಮ್ಮಾ ಅಷ್ಟು ನೋಡ್ತೀಯ, ಬರೀ ನೀರು" ಅಂದೆ.

"ನಾನು ಸಮುದ್ರನ ಹತ್ರದಿಂದ ನೋಡೇ ಇಲ್ಲ ಕನವ್ವ" ಅಂದ್ರು. "ಆ ಮೊದಲ್ನೇ ವಿಡಿಯೋಲಿತ್ತಲ್ಲ, ಅಲ್ಲಿಗೆ ಹೋಗಿದ್ರೆ ಕಾಲು ನೆನೆಸ್ಬೋದಿತ್ತು. ಹೋಗ್ಲಿ ಬುಡು, ನಿಮ್ಮಪ್ಪ ಖುಷಿಯಾಗವ್ರೆ."

ನಮ್ಮೂರಿಂದ ಅರಬ್ಬಿ ಸಮುದ್ರಕ್ಕೆ ಒಂದು ದಿನದ ದಾರಿಯೂ ಇಲ್ಲ. ಬರೋ ತಿಂಗಳು ಅಮ್ಮನನ್ನ ಕಣ್ಣೂರಿಗೆ ಕರ್ಕೊಂಡು ಹೋಗ್ತಿದ್ದೀನಿ. ರಜೆ ಹಾಕಿ ಆಗಿದೆ.