ಮಡಿ ಬೇಡ, ಚೀಟಿ ಬೇಕು

"ಡೆಬಿಯನ್ ಕೆಟ್ಟುಹೋಯ್ತು" ಅಂತ ಒಂದು ಗುಂಪು. "ಅಯ್ಯೋ, ವೈಫೈ ಬಂದ್ರೆ ಸಾಕು ಸ್ವಾಮಿ, ನಿಮ್ಮ ಸಿದ್ಧಾಂತ ಯಾರಿಗೆ ಬೇಕು" ಅಂತ ಇನ್ನೊಂದು ಗುಂಪು. ಈ ಎರಡೂ ಕಡೆಯವರ ಜೊತೆ ನನಗೆ ಜಗಳ ಇದೆ. ಸ್ವಲ್ಪ ಉದ್ದ ಆದೀತು, ತಾಳ್ಮೆ ಇರಲಿ :)

ಹಿನ್ನೆಲೆ ಗೊತ್ತಿಲ್ಲದವರಿಗೆ ಎರಡು ಮಾತು. ಡೆಬಿಯನ್ ಅನ್ನೋದು 1993ರಲ್ಲಿ ಇಯಾನ್ ಮರ್ಡಾಕ್ ಶುರು ಮಾಡಿದ ಗ್ನು/ಲಿನಕ್ಸ್ ವಿತರಣೆ. ಉಬುಂಟು ಕೂಡ ಇದರದೇ ಕೂಸು. 1997ರಲ್ಲಿ ಇವರು "ಸಾಮಾಜಿಕ ಒಪ್ಪಂದ" ಅಂತ ಒಂದನ್ನು ಬರೆದುಕೊಂಡರು. ಅದರ ಮೊದಲ ಮಾತೇ ಡೆಬಿಯನ್ ನೂರಕ್ಕೆ ನೂರು ಸ್ವತಂತ್ರವಾಗಿಯೇ ಉಳಿಯುತ್ತೆ ಅನ್ನೋದು. ಆದರೆ ಅದೇ ಒಪ್ಪಂದದ ಐದನೇ ಕಲಮು ನಮ್ಮ ಕೆಲವು ಬಳಕೆದಾರರಿಗೆ ಸ್ವತಂತ್ರವಲ್ಲದ ತಂತ್ರಾಂಶವೂ ಬೇಕಾಗುತ್ತೆ ಅಂತ ಒಪ್ಪಿಕೊಂಡು, ಅದಕ್ಕೆ "ನಾನ್-ಫ್ರೀ" ಅಂತ ಬೇರೆ ಕಪಾಟು ಇಟ್ಟಿದೆ. ಕಪಾಟು ಡೆಬಿಯನ್ ಮನೆಯೊಳಗೇ ಇದೆ, ಆದರೆ ಡೆಬಿಯನ್ನಿನ ಭಾಗ ಅಲ್ಲ! ಈ ವಿಚಿತ್ರ ಏರ್ಪಾಡನ್ನು ಕಿತ್ತುಹಾಕಬೇಕೇ ಅಂತ 2004ರಲ್ಲಿ ಮತದಾನವೂ ಆಯ್ತು. ಇರಲಿ ಅಂದರು.

2022ರ ಅಕ್ಟೋಬರ್ ಒಂದಕ್ಕೆ ಮುಗಿದ ಮತದಾನದಲ್ಲಿ ಒಪ್ಪಂದಕ್ಕೇ ಒಂದು ವಾಕ್ಯ ಸೇರಿತು. ಯಂತ್ರ ಓಡೋಕೆ ಬೇಕಾದ ಸ್ವಾಮ್ಯದ ಫರ್ಮ್‌ವೇರನ್ನು ಇನ್ನು ಮುಂದೆ ಅಧಿಕೃತ ಇನ್‌ಸ್ಟಾಲರಿನಲ್ಲೇ ಹಾಕಬಹುದು ಅಂತ. 2023ರ ಜೂನಿನಲ್ಲಿ ಬಂದ ಡೆಬಿಯನ್ 12ರಿಂದ ಹಾಗೇ ನಡೀತಿದೆ. ರಿಚರ್ಡ್ ಸ್ಟಾಲ್ಮನ್ ಕಟ್ಟಿದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಅಂತೂ ಇದಕ್ಕೆ ಮೊದಲಿನಿಂದಲೇ ಡೆಬಿಯನ್ನನ್ನು ಶಿಫಾರಸು ಮಾಡ್ತಿರಲಿಲ್ಲ. ಆ ಕಪಾಟು ಇರೋದೇ ತಪ್ಪು ಅನ್ನೋದು ಅವರ ವಾದ.

ಮೊದಲು ಮಡಿವಂತರ ಕಡೆ ತಿರುಗೋಣ.

ಫರ್ಮ್‌ವೇರ್ ಅಂದರೆ ಏನು? ವೈಫೈ ಚಿಪ್ಪಿನೊಳಗೆ ಒಂದು ಪುಟ್ಟ ಕಂಪ್ಯೂಟರ್ ಇರುತ್ತೆ, ಅದರ ಮೇಲೆ ಓಡೋ ಪ್ರೋಗ್ರಾಮು. ಮುಂಚೆ ಎಷ್ಟೋ ಕಾರ್ಡುಗಳಲ್ಲಿ ಇದನ್ನು ಕಾರ್ಡಿನ ಮೇಲೇ ಒಂದು ಚಿಪ್ಪಿನಲ್ಲಿ ತುಂಬಿ ಮಾರುತ್ತಿದ್ದರು. ಆ ಚಿಪ್ಪಿನ ಖರ್ಚೂ ಉಳಿಸೋಣ ಅಂತ ತಯಾರಕರು ಅದನ್ನು ಕಡತವಾಗಿ ಕೊಡೋಕೆ ಶುರು ಮಾಡಿದರು. ಯಂತ್ರ ಶುರುವಾದಾಗ ಆಪರೇಟಿಂಗ್ ಸಿಸ್ಟಮ್ಮೇ ಆ ಕಡತವನ್ನು ಕಾರ್ಡಿಗೆ ಉಣಿಸಬೇಕು. ಪ್ರೋಗ್ರಾಮು ಅದೇ, ಮುಚ್ಚಿಟ್ಟ ಗುಟ್ಟೂ ಅದೇ, ಕೂತ ಜಾಗ ಮಾತ್ರ ಬೇರೆ. ಆದರೆ ಫೌಂಡೇಶನ್ ಯಂತ್ರಗಳಿಗೆ ಕೊಡುವ "ರೆಸ್ಪೆಕ್ಟ್ಸ್ ಯುವರ್ ಫ್ರೀಡಂ" ಮುದ್ರೆಯ ನಿಯಮ ನೋಡಿ. ಇಂಥ ಪುಟ್ಟ ಪ್ರೊಸೆಸರಿನೊಳಗೆ ಕಾರ್ಖಾನೆಯಲ್ಲೇ ತುಂಬಿ, ಆಮೇಲೆ ಬದಲಿಸದ ಫರ್ಮ್‌ವೇರಿಗೆ ವಿನಾಯಿತಿ ಇದೆ. ಅಂದರೆ ಕಣ್ಣಿಗೆ ಕಾಣದ ಮೈಲಿಗೆ ಮೈಲಿಗೆಯಲ್ಲ. ಡಿಸ್ಕಿನ ಮೇಲೆ ಕಡತವಾಗಿ ಕಂಡರೆ ಮಾತ್ರ ಸ್ನಾನ ಆಗಬೇಕು.

ಇದರಿಂದ ಸ್ವಾತಂತ್ರ್ಯ ಹೆಚ್ಚಾಯ್ತೇ? ಕಡತವಾಗಿ ಕಂಡರೆ ಯಾರಾದರೂ ಅದನ್ನು ಬಿಚ್ಚಿ ನೋಡಿ ಸ್ವತಂತ್ರವಾದ ಬದಲಿ ಬರೆಯೋ ಅವಕಾಶವಾದರೂ ಇರುತ್ತೆ. ರಾಮ್ ಅಲ್ಲ, ಬದಲಿಸಲಾಗದ ರೋಮ್‌ನಲ್ಲಿ ಸುಟ್ಟು ಕೂರಿಸಿದರೆ ಅದೂ ಹೋಯ್ತು. ಇನ್ನು 2018ರ ಜನವರಿಯಲ್ಲಿ ಸ್ಪೆಕ್ಟರ್, ಮೆಲ್ಟ್‌ಡೌನ್ ಅಂತ ಪ್ರೊಸೆಸರ್ ದೋಷಗಳು ಬಯಲಾದವಲ್ಲ, ಆಗ ಇಂಟೆಲ್ ಮೈಕ್ರೋಕೋಡ್ ತಿದ್ದುಪಡಿ ಬಿಟ್ಟಿತು. ಅದು ಸ್ವಾಮ್ಯದ್ದು, ನಿಜ. ಬೇಡ ಅಂತ ಬಿಟ್ಟರೆ ಪ್ರೊಸೆಸರಿನಲ್ಲಿ ಓಡೋದು ಏನು? ಅದೇ ಇಂಟೆಲ್ಲಿನ ಹಳೇ, ತೂತಿರೋ ಮೈಕ್ರೋಕೋಡು! ಅದೂ ಸ್ವಾಮ್ಯದ್ದೇ. ಮಡಿಯೂ ಉಳಿಯಲಿಲ್ಲ, ಬಾಗಿಲೂ ಭದ್ರವಾಗಲಿಲ್ಲ.

ಹಾಗಂತ ಮಡಿವಂತರ ಮಾತು ಪೂರ್ತಿ ಟೊಳ್ಳಲ್ಲ. "ನೀವು ಕೊಡ್ತಾ ಹೋದರೆ ತಯಾರಕರು ಯಾಕೆ ಬದಲಾಗ್ತಾರೆ?" ಅಂತ ಕೇಳ್ತಾರಲ್ಲ, ಅದಕ್ಕೆ ಉತ್ತರ ಹೇಳೋದು ಕಷ್ಟ. 2013ರಲ್ಲಿ ಕ್ವಾಲ್ಕಾಮ್ ಅಥೆರಾಸ್ ತನ್ನ ಯುಎಸ್‌ಬಿ ವೈಫೈ ಚಿಪ್ಪೊಂದರ ಫರ್ಮ್‌ವೇರ್ ಮೂಲವನ್ನೇ ಸ್ವತಂತ್ರವಾಗಿ ಬಿಟ್ಟುಕೊಟ್ಟಿತು. ಬೇಕು ಅಂತ ಹಟ ಹಿಡಿದು ಕೇಳೋರು ಇದ್ದರೆ ಇಂಥದ್ದು ಸಾಧ್ಯ. ಆದರೆ ಕೇಳೋಕೆ ಮುಂಚೆ ತನ್ನ ಯಂತ್ರದಲ್ಲಿ ಇಂಥದ್ದೊಂದು ಇದೆ ಅನ್ನೋದು ಬಳಕೆದಾರನಿಗೆ ಗೊತ್ತಿರಬೇಕಲ್ವಾ?

ನನ್ನ ತಕರಾರು ಇರೋದೇ ಇಲ್ಲಿ, ಮತ್ತು ಇದು ಎರಡನೇ ಗುಂಪಿನವರ ಮೇಲೆ. 2022ರ ಮತಪತ್ರದಲ್ಲಿ ಇದ್ದ ಆಯ್ಕೆಗಳಲ್ಲಿ ಎರಡು ನೆನಪಿಡಬೇಕು. ಎರಡರಲ್ಲೂ ಒಪ್ಪಂದ ತಿದ್ದೋದು ಸಮಾನ. ಒಂದರ ಪ್ರಕಾರ ಫರ್ಮ್‌ವೇರ್ ಇರೋ ಇನ್‌ಸ್ಟಾಲರ್ ಒಂದೇ ಸಾಕು. ಇನ್ನೊಂದರ ಪ್ರಕಾರ ಫರ್ಮ್‌ವೇರ್ ಇರೋದು, ಇಲ್ಲದ್ದು ಎರಡೂ ಇರಲಿ. ಗೆದ್ದದ್ದು ಮೊದಲನೆಯದು.

ಎರಡೆರಡು ಇನ್‌ಸ್ಟಾಲರ್ ಮಾಡಿ ಪರೀಕ್ಷಿಸೋದು ಸ್ವಯಂಸೇವಕರಿಗೆ ಹೊರೆ, ಹೊಸಬರಿಗೆ ಯಾವುದನ್ನು ಇಳಿಸಿಕೊಳ್ಳಬೇಕು ಅಂತ ಗೊಂದಲ, ಅನ್ನೋದು ಅವರ ಕಾರಣ. ಗೊಂದಲ ಇದ್ದದ್ದು ಹೌದು. 2023ಕ್ಕೆ ಮುಂಚೆ ಫರ್ಮ್‌ವೇರ್ ಇರೋ ಇನ್‌ಸ್ಟಾಲರನ್ನು "ಅನಧಿಕೃತ" ಅಂತ ಮೂಲೆಯಲ್ಲಿ ಬಚ್ಚಿಟ್ಟಿದ್ದರು. ಮುಂಬಾಗಿಲಲ್ಲಿ ಸಿಗೋದನ್ನು ಹಾಕಿಕೊಂಡವನಿಗೆ ವೈಫೈ ಬರ್ತಿರಲಿಲ್ಲ. ಅದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿತ್ತು. ಕೆಲವು ಹೊಸ ಲ್ಯಾಪ್‌ಟಾಪುಗಳಲ್ಲಿ ಧ್ವನಿ ಬರೋಕೂ ಫರ್ಮ್‌ವೇರ್ ಬೇಕು. ಕಣ್ಣು ಕಾಣದವರು ಇನ್‌ಸ್ಟಾಲರನ್ನು ಕಿವಿಯಿಂದ ಕೇಳಿ ನಡೆಸ್ತಾರೆ. ಫರ್ಮ್‌ವೇರ್ ಇಲ್ಲ ಅಂದರೆ ಅವರಿಗೆ ಬರೀ ಮೌನ. ಅಂಥವರ ಮುಂದೆ ನಿಂತು ಮಡಿಯ ಉಪದೇಶ ಮಾಡೋಕೆ ನನ್ನ ಕೈಲಂತೂ ಆಗಲ್ಲ.

ಸರಿ, ಮೂಲೆಯಲ್ಲಿ ಇದ್ದದ್ದನ್ನು ಮುಂಬಾಗಿಲಿಗೆ ತಂದದ್ದು ಸರಿಯೇ. ಆದರೆ ಮುಂಬಾಗಿಲಲ್ಲಿ ಇದ್ದದ್ದನ್ನು ಮೂಲೆಗಾದರೂ ಬಿಡಬಹುದಿತ್ತಲ್ಲ? ಪೂರ್ತಿ ಸ್ವತಂತ್ರವಾದದ್ದೇ ಬೇಕು ಅನ್ನೋನಿಗೆ ಈಗ ಉಳಿದಿರೋದು ಬೂಟ್ ಆಗುವಾಗ ಟೈಪ್ ಮಾಡಬೇಕಾದ "ಫರ್ಮ್‌ವೇರ್ = ನೆವರ್" ಅನ್ನೋ ಮಂತ್ರ. ಅದು ಗೊತ್ತಿರೋನಿಗೆ ಈ ಇಡೀ ವಿಷಯ ಮೊದಲೇ ಗೊತ್ತಿರುತ್ತೆ! ಗೊತ್ತಿಲ್ಲದವನಿಗೆ ಯಂತ್ರ ತಾನೇ ಹುಡುಕಿ, ತಾನೇ ಹಾಕಿ ಮುಂದೆ ಹೋಗುತ್ತೆ. ಏನೇನು ಹಾಕಿದೆ ಅನ್ನೋ ಪಟ್ಟಿಯನ್ನು ಲಾಗ್ ಕಡತದಲ್ಲಿ ಬರೆದಿಡ್ತಾರೆ, ಪ್ರಾಮಾಣಿಕರೇ ಪಾಪ. ಆದರೆ ಲಾಗ್ ಕಡತ ಓದೋ ಹೊಸಬರನ್ನು ನೀವು ಎಲ್ಲಾದರೂ ನೋಡಿದ್ದೀರಾ?

ಧ್ವನಿ ಬರೋಕೆ ಬೇಕಾದ್ದನ್ನು ಮೊದಲೇ ಹಾಕಿ. ಆಮೇಲೆ ಒಂದೇ ಒಂದು ಪರದೆ: "ನಿಮ್ಮ ಯಂತ್ರಕ್ಕೆ ಈ ಮೂರು ಕಡತ ಬೇಕು. ಇವುಗಳ ಮೂಲ ನಮ್ಮ ಹತ್ತಿರವೂ ಇಲ್ಲ, ತಯಾರಕರು ಕೊಟ್ಟಿಲ್ಲ. ಹಾಕಲೇ?" ಎಲ್ಲರೂ ಹೂಂ ಅಂತಾರೆ, ನಾನೂ ಅಂತೀನಿ. ಆದರೂ ಕೇಳಬೇಕು. ಅಂಗಡಿಯಲ್ಲಿ ಬಿಸ್ಕತ್ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇರುತ್ತಲ್ಲ, ಅದನ್ನು ನೋಡದೇ ತಿನ್ನೋರೇ ಹೆಚ್ಚು. ಹಾಗಂತ ಚುಕ್ಕೆ ಅಳಿಸಿಬಿಡಿ ಅಂತ ಯಾರೂ ಹೇಳಲ್ಲ.

ಇಷ್ಟಕ್ಕೂ ಫರ್ಮ್‌ವೇರ್ ಅಷ್ಟು ದೊಡ್ಡ ಅಪಾಯ ಅಂತ ನನಗೆ ಅನ್ನಿಸಲ್ಲ. ಕಾರ್ಡು ಬದಲಾಯಿಸಿದರೆ ಅದೂ ಹೋಯ್ತು, ನಿಮ್ಮ ಬರವಣಿಗೆ ಅದರ ಹೊಟ್ಟೆಯಲ್ಲಿ ಇರಲ್ಲ. ನಾವು ಬರೆದದ್ದನ್ನು ಒತ್ತೆ ಇಟ್ಟುಕೊಳ್ಳೋ ತಂತ್ರಾಂಶದ ಕಥೆಯೇ ಬೇರೆ. ಕನ್ನಡದವರಿಗೆ ಇದನ್ನು ಬೇರೆಯವರು ಹೇಳಿಕೊಡಬೇಕಾ? ಬರಹ, ನುಡಿ ಪುಕ್ಕಟೆ ಸಿಕ್ಕಿದ್ದಕ್ಕೇ ಎಷ್ಟೋ ಜನ ಕಂಪ್ಯೂಟರಿನಲ್ಲಿ ಕನ್ನಡ ಬರೆಯೋಕೆ ಕಲಿತರು. ಆ ಋಣ ದೊಡ್ಡದು, ಅದನ್ನು ಮರೆತು ಮಾತಾಡ್ತಿಲ್ಲ. ಆದರೆ ಅವು ಪುಕ್ಕಟೆ ಇದ್ದವು, ಸ್ವತಂತ್ರ ಇರಲಿಲ್ಲ. ವಿಂಡೋಸ್ ಬಿಟ್ಟು ಲಿನಕ್ಸಿಗೆ ಬಂದವರು ಅವನ್ನು ಜೊತೆಗೆ ತರೋಕಾಗಲಿಲ್ಲ, ಮೂಲ ಕೈಯಲ್ಲಿಲ್ಲದ ಮೇಲೆ ಹೊರಗಿನವರು ಯಾರೂ ಅವನ್ನು ಲಿನಕ್ಸಿಗೆ ಒಗ್ಗಿಸೋ ಹಾಗೂ ಇರಲಿಲ್ಲ. ಆ ಕಾಲದ ಆಸ್ಕಿ ಫಾಂಟಿನಲ್ಲಿ ಬರೆದ ಕಡತ ಇವತ್ತು ತೆರೆದರೆ, ಫಾಂಟ್ ಇಲ್ಲದ ಯಂತ್ರದಲ್ಲಿ ಕಾಣೋದು ಇಂಗ್ಲಿಷ್ ಅಕ್ಷರ, ಸೊಟ್ಟ ಚಿಹ್ನೆಗಳ ಕಲಸುಮೇಲೋಗರ. (ತಪ್ಪೆಲ್ಲ ಲೈಸೆನ್ಸಿನದಲ್ಲ. ಆಗ ಯುನಿಕೋಡ್ ಕನ್ನಡವನ್ನು ಸರಿಯಾಗಿ ತೋರಿಸೋ ಯಂತ್ರಗಳೇ ಕಡಿಮೆ ಇದ್ದವು.) ಅದೇ ಗುಬ್ಬಿ, ನವಿಲು ಫಾಂಟುಗಳನ್ನು ನೋಡಿ, ಲೈಸೆನ್ಸ್ ಸ್ವತಂತ್ರ ಇದ್ದದ್ದಕ್ಕೆ ಡೆಬಿಯನ್ನಿನ ಮುಖ್ಯ ಕಪಾಟಿನಲ್ಲೇ ಕೂತಿವೆ, ಯಾರನ್ನೂ ಕೇಳಬೇಕಾಗಿಲ್ಲ.

ಇಂಗ್ಲಿಷಿನವರಿಗೆ ಪಾಪ ಒಂದೇ ಪದ, "ಫ್ರೀ". ಬಿಟ್ಟಿಗೂ ಅದೇ, ಸ್ವಾತಂತ್ರ್ಯಕ್ಕೂ ಅದೇ. ನಮಗೆ ಉಚಿತ ಬೇರೆ, ಸ್ವತಂತ್ರ ಬೇರೆ. ಇಷ್ಟು ಅನುಕೂಲ ಇಟ್ಟುಕೊಂಡೂ ನಾವು ಮಾಡೋದೇನು? "ಹತ್ತು ಉಪಯುಕ್ತ ಉಚಿತ ತಂತ್ರಾಂಶಗಳು" ಅಂತ ಪಟ್ಟಿ ಹಾಕ್ತೀವಿ. ಲಿಬ್ರೆಆಫೀಸು, ವಿಎಲ್‌ಸಿ ಪಕ್ಕದಲ್ಲೇ, ನಾಳೆ ಬೆಳಿಗ್ಗೆ ದುಡ್ಡು ಕೇಳಬಹುದಾದ ಯಾವುದೋ ಮುಚ್ಚಿದ ಪೆಟ್ಟಿಗೆ. ಓದಿದ ಮೇಷ್ಟ್ರು ಅದನ್ನೇ ಶಾಲೆಯ ಅಷ್ಟೂ ಯಂತ್ರಕ್ಕೆ ಹಾಕ್ತಾರೆ. ಎರಡನ್ನೂ ಹೇಳಬೇಡಿ ಅಂತ ನಾನು ಅಂತಿಲ್ಲ. ಯಾವುದು ಯಾವುದು ಅಂತ ಪಕ್ಕದಲ್ಲಿ ಒಂದು ಪದ ಬರೆಯೋಕೆ ಎಷ್ಟು ಹೊತ್ತು ಬೇಕು?

ಡೆಬಿಯನ್ನಿನಲ್ಲಿ "ವಿಆರ್‌ಎಂಎಸ್" ಅಂತ ಒಂದು ತಮಾಷೆಯ ಪ್ರೋಗ್ರಾಮ್ ಇತ್ತು, ವರ್ಚುವಲ್ ರಿಚರ್ಡ್ ಎಂ. ಸ್ಟಾಲ್ಮನ್! ಈಗ ಅದರ ಜಾಗಕ್ಕೆ "ಚೆಕ್-ಡಿಎಫ್‌ಎಸ್‌ಜಿ-ಸ್ಟೇಟಸ್" ಬಂದಿದೆ. ನಿಮ್ಮ ಯಂತ್ರದಲ್ಲಿರೋ ಸ್ವಾಮ್ಯದ ಪ್ಯಾಕೇಜುಗಳ ಪಟ್ಟಿ ಕೊಡೋದಷ್ಟೇ ಅದರ ಕೆಲಸ, ಬೈಯೋದಿಲ್ಲ. ನನ್ನದರಲ್ಲಿ ಎರಡು ಬಂದವು: ಇಂಟೆಲ್ ಮೈಕ್ರೋಕೋಡು, ವೈಫೈ ಫರ್ಮ್‌ವೇರು. ಎರಡನ್ನೂ ತೆಗೆಯೋ ಯೋಚನೆ ಸದ್ಯಕ್ಕಿಲ್ಲ. ನಿಮ್ಮಲ್ಲಿ ಎಷ್ಟು ಬಂತು ಹೇಳಿ.