ಕರುಳು ತೊಳೆಯುವ ಉಪ್ಪು: ಚೀಟಿ ಅರ್ಥವಾಗದಿದ್ದರೆ ಔಷಧಿ ಅರ್ಧ ಕೆಲಸವೂ ಮಾಡಲ್ಲ

ಇವತ್ತು ಸ್ವಲ್ಪ ಮುಜುಗರದ ವಿಷಯ. ಭೇದಿಯ ವಿಷಯ. ನಗಬೇಡಿ, ಕೊನೆವರೆಗೂ ಓದಿ. ನಿಮ್ಮ ಅಪ್ಪನಿಗೋ ಅಜ್ಜಿಗೋ ನಾಳೆ ಇದು ಬೇಕಾಗಬಹುದು.

ಮಲದಲ್ಲಿ ರಕ್ತ ಹೋಗ್ತಿದ್ದರೆ, ಕಾರಣ ಗೊತ್ತಾಗದ ರಕ್ತಹೀನತೆ ಇದ್ದರೆ ಡಾಕ್ಟರು ಕೊಲೊನೋಸ್ಕೋಪಿ ಬರೆದುಕೊಡ್ತಾರೆ. ಗುದದ್ವಾರದ ಮೂಲಕ ಕ್ಯಾಮೆರಾ ಇರುವ ತೆಳ್ಳಗಿನ ಕೊಳವೆ ಹಾಕಿ, ಸುಮಾರು ಒಂದೂವರೆ ಮೀಟರ್ ಉದ್ದದ ದೊಡ್ಡ ಕರುಳನ್ನು ಒಳಗಿನಿಂದ ನೋಡುವ ಪರೀಕ್ಷೆ ಇದು. ಮುಂದೆ ಕ್ಯಾನ್ಸರ್ ಆಗಬಹುದಾದ ಪುಟ್ಟ ಗಂಟು, ಡಾಕ್ಟರು ಪಾಲಿಪ್ ಅಂತಾರಲ್ಲ, ಕೆಲವು ಸಲ ನಾಲ್ಕೈದು ಮಿಲಿಮೀಟರ್ ಅಷ್ಟೇ ಇರ್ತದೆ. ಕರುಳಲ್ಲಿ ಮಲ ಉಳಿದಿದ್ದರೆ ಅದರ ಅಡಿಯಲ್ಲಿ ಅಡಗಿ ಕುಳಿತುಬಿಡ್ತದೆ. ಆಗ ಎಂಥಾ ದೊಡ್ಡ ಡಾಕ್ಟರಾದರೂ ಏನು ಮಾಡಿಯಾರು?

ಅದಕ್ಕೇ ಮೊದಲು ಕರುಳು ತೊಳೀಬೇಕು. ಈ ಕೆಲಸ ಹೆಚ್ಚಾಗಿ ನಡೆಯೋದು ಮನೆಯಲ್ಲಿ, ಹಿಂದಿನ ದಿನ. ನನ್ನ ಮಾತು ಇಷ್ಟೇ: ಪರೀಕ್ಷೆಯ ಅರ್ಧ ಭಾಗ ಮನೆಯಲ್ಲೇ ಮುಗೀತದೆ. ಆ ಅರ್ಧದ ಹೊಣೆಯನ್ನು ಮನೆಯ ಓದಿದ ಮಕ್ಕಳು ಹೊರಬೇಕು. ಅದರ ಸೂಚನೆಯನ್ನು ಆಸ್ಪತ್ರೆಯವರು ರೋಗಿಗೆ ತಿಳಿಯೋ ಭಾಷೆಯಲ್ಲಿ ಕೊಡಬೇಕು.

ಮೊದಲು ಈ ಔಷಧಿ ಏನು ಮಾಡ್ತದೆ ಅಂತ ತಿಳ್ಕೊಳ್ಳಿ. ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚಿ ಉಪ್ಪು ಬೆರೆಸಿಟ್ಟರೆ ಬೆಳಗಾಗೋದರಲ್ಲಿ ಜಾಡಿ ತುಂಬ ನೀರು ಬಿಟ್ಟಿರ್ತದೆ. ಶಾಲೆಯಲ್ಲಿ ಅಭಿಸರಣೆ ಅಂತ ಓದಿದ್ದು ಇದನ್ನೇ. ಮೆಗ್ನೀಸಿಯಂ, ಸಲ್ಫೇಟ್, ಫಾಸ್ಫೇಟ್ ಇರುವ ಕೆಲವು ಲವಣಗಳನ್ನು ನಮ್ಮ ಕರುಳು ಪೂರ್ತಿ ಹೀರಿಕೊಳ್ಳಲಾರದು. ಅವು ಕರುಳಲ್ಲೇ ಉಳಿದು ಕುಡಿದ ನೀರನ್ನು ಹಿಡಿದಿಟ್ಟುಕೊಳ್ತವೆ, ಮೈಯೊಳಗಿನ ನೀರನ್ನೂ ಎಳೀತವೆ. ಆ ನೀರೇ ಕರುಳನ್ನು ತೊಳೆದು ಹೊರಗೆ ಹೋಗ್ತದೆ.

ಇದೇನೂ ಹೊಸ ವಿದ್ಯೆಯಲ್ಲ. ಜರ್ಮನಿಯ ರಸಾಯನ ತಜ್ಞ ಯೋಹಾನ್ ಗ್ಲೌಬರ್ 17ನೇ ಶತಮಾನದಲ್ಲೇ ಸೋಡಿಯಂ ಸಲ್ಫೇಟನ್ನು ತಯಾರಿಸಿ 'ಅದ್ಭುತ ಲವಣ' ಅಂತ ಕರೆದಿದ್ದ. 2010ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಒಂದು ಕರುಳು ತೊಳೆಯುವ ಔಷಧಿಯ ಬಾಟಲಿಯಲ್ಲಿ ಇರೋದೂ ಮುಖ್ಯವಾಗಿ ಅದೇ: 17.5 ಗ್ರಾಂ ಸೋಡಿಯಂ ಸಲ್ಫೇಟ್, ಜೊತೆಗೆ ಸ್ವಲ್ಪ ಪೊಟ್ಯಾಸಿಯಂ ಮತ್ತು ಮೆಗ್ನೀಸಿಯಂ ಸಲ್ಫೇಟ್. ಬಾಟಲಿ 180 ಮಿಲಿಗೂ ಸ್ವಲ್ಪ ಕಡಿಮೆ. ಅದಕ್ಕೆ ನೀರು ಬೆರೆಸಿ ಸುಮಾರು ಅರ್ಧ ಲೀಟರ್ ಮಾಡಿ ಕುಡೀಬೇಕು. ಆಮೇಲೆ ಒಂದು ಗಂಟೆಯೊಳಗೆ ಇನ್ನೂ ಸುಮಾರು ಒಂದು ಲೀಟರ್ ನೀರು ಕುಡೀಬೇಕು. ಇಂಥ ಬಾಟಲಿ ಎರಡು.

ತಪ್ಪಾಗೋದು ಇಲ್ಲೇ. 'ಉಪ್ಪುಪ್ಪು, ವಾಕರಿಕೆ ಬರ್ತದೆ, ಔಷಧಿ ಕುಡಿದಾಯ್ತಲ್ಲ, ನೀರು ಯಾಕೆ?' ಅಂತ ಹಿರಿಯರು ಲೋಟ ಕೆಳಗಿಡ್ತಾರೆ. ನೀವು ಹೇಳಬೇಕಾದ್ದು: ತೊಳೆಯೋದು ನೀರು, ಉಪ್ಪು ಬರೀ ಅದನ್ನು ಕರುಳಲ್ಲಿ ನಿಲ್ಲಿಸ್ತದೆ. ನೀರು ಬಿಟ್ಟರೆ ಕರುಳೂ ತೊಳೆಯಲ್ಲ, ಮೈಯ ನೀರೂ ಬತ್ತಿಹೋಗ್ತದೆ.

ನಮ್ಮ ಕಡೆ ಪಾಲಿಇಥಿಲೀನ್ ಗ್ಲೈಕಾಲ್ ಪುಡಿಯನ್ನೂ ತುಂಬಾ ಕೊಡ್ತಾರೆ. ಇದು ಲವಣವಲ್ಲ, ಆದರೆ ಕೆಲಸದ ರೀತಿ ಹೆಚ್ಚುಕಡಿಮೆ ಅದೇ. ಪೊಟ್ಟಣವನ್ನು ಎರಡು ಲೀಟರ್ ನೀರಲ್ಲಿ ಕರಗಿಸಿ ಸ್ವಲ್ಪ ಸ್ವಲ್ಪವೇ ಕುಡಿಯೋದು. ಮೈಯ ಲವಣಾಂಶ ಏರುಪೇರಾಗದ ಹಾಗೆ ಲೆಕ್ಕ ಹಾಕಿ ಬೆರೆಸಿರ್ತಾರೆ. ಕುಡಿಯೋದು ಜಾಸ್ತಿ, ಅಪಾಯ ಕಡಿಮೆ.

ಸೋಡಿಯಂ ಫಾಸ್ಫೇಟ್ ಕಥೆ ಇದಕ್ಕೆ ಉಲ್ಟಾ. ಪುಟ್ಟ ಬಾಟಲಿ, ಕುಡಿಯೋಕೆ ಸುಲಭ, ಅದಕ್ಕೇ ಒಂದು ಕಾಲದಲ್ಲಿ ಎಲ್ಲರಿಗೂ ಇಷ್ಟ. ಆದರೆ ಕೆಲವರಲ್ಲಿ ಫಾಸ್ಫೇಟ್ ಮೂತ್ರಪಿಂಡದೊಳಗೆ ಕ್ಯಾಲ್ಸಿಯಂ ಜೊತೆ ಸೇರಿ ಹರಳುಗಟ್ಟಿ ಕಿಡ್ನಿಯನ್ನೇ ಕೆಡಿಸಿತು. 2008ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇದರ ಮೇಲೆ ಅತಿ ಕಠಿಣ ಎಚ್ಚರಿಕೆ ಹಾಕಿಸಿತು. ವಯಸ್ಸಾದವರು, ಕಿಡ್ನಿ ತೊಂದರೆ ಇರುವವರು, ಮೈಯಲ್ಲಿ ನೀರು ಕಡಿಮೆಯಾದವರು, ಬಿ.ಪಿ.ಯ ಕೆಲವು ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ ಅಥವಾ ನೋವಿನ ಮಾತ್ರೆ ತಗೊಳ್ಳೋರಿಗೆ ಅಪಾಯ ಹೆಚ್ಚು. ಪಕ್ಕದ ಮನೆಯವರಿಗೆ ಕೊಟ್ಟ ಔಷಧಿಯನ್ನೇ ಮೆಡಿಕಲ್ ಶಾಪಿನಿಂದ ತಂದು ನಮ್ಮ ಮನೆಯವರಿಗೂ ಕುಡಿಸೋದು ಬೇಡ ಅನ್ನೋದು ಇದಕ್ಕೇ.

ಇನ್ನು ಹೊತ್ತಿನ ಲೆಕ್ಕ. ಪೂರ್ತಿ ಔಷಧಿ ಹಿಂದಿನ ರಾತ್ರಿಯೇ ಕುಡಿಯೋದಕ್ಕಿಂತ ಅರ್ಧ ಹಿಂದಿನ ಸಂಜೆ, ಉಳಿದರ್ಧ ಪರೀಕ್ಷೆಗೆ ನಾಲ್ಕರಿಂದ ಆರು ಗಂಟೆ ಮೊದಲು ಶುರುಮಾಡಿ, ಕನಿಷ್ಠ ಎರಡು ಗಂಟೆ ಮುಂಚೆ ಮುಗಿಸಿದರೆ ಕರುಳು ಹೆಚ್ಚು ಚೊಕ್ಕಟ ಆಗ್ತದೆ. ಈಗ ನಮ್ಮವರ ಪಾಡು ನೋಡಿ. ಜತ್ತದವರು ಮಿರಜ್‌ಗೋ ವಿಜಯಪುರಕ್ಕೋ ಹೋಗಬೇಕು. ರಾಯದುರ್ಗದವರು ಬಳ್ಳಾರಿಗೆ, ಕಾಸರಗೋಡಿನ ಒಳಊರಿನವರು ಮಂಗಳೂರಿಗೆ. ಬೆಳಗಿನ ಒಂಬತ್ತಕ್ಕೆ ಪರೀಕ್ಷೆ ಅಂದರೆ ಎರಡನೇ ಡೋಸ್ ಕುಡಿದು ಬಸ್ಸಲ್ಲಿ ಕೂರೋದು ಹೇಗೆ? ಅದಕ್ಕೆ ಎಷ್ಟೋ ಜನ ಅರ್ಧಕ್ಕೇ ಬಿಡ್ತಾರೆ, ಅಲ್ಲಿಗೆ ಹೋಗಿ 'ಸರಿಯಾಗಿ ಕ್ಲೀನ್ ಆಗಿಲ್ಲ, ಮತ್ತೆ ಬನ್ನಿ' ಅನ್ನಿಸಿಕೊಂಡು ಬರ್ತಾರೆ. ಕೂಲಿ ಹೋಯ್ತು, ಬಾಡಿಗೆ ಹೋಯ್ತು, ರೋಗ ಅಲ್ಲೇ ಉಳೀತು. ದಿನ ಗೊತ್ತು ಮಾಡುವಾಗಲೇ ಕೇಳಿ: 'ನಾವು ದೂರದಿಂದ ಬರೋರು, ಮಧ್ಯಾಹ್ನದ ಹೊತ್ತು ಕೊಡ್ತೀರಾ? ಎರಡನೇ ಡೋಸ್ ಇಲ್ಲೇ ಬಂದು ಕುಡಿಯಬಹುದಾ?' ಕೇಳೋಕೆ ನಾಚಿಕೆ ಬೇಡ.

ಊಟದ ವಿಷಯವೂ ಅಷ್ಟೇ. ನಮ್ಮ ಜೋಳದ ರೊಟ್ಟಿ, ರಾಗಿ ಮುದ್ದೆ, ಸೊಪ್ಪು, ಕಾಳು ಎಲ್ಲ ನಾರಿನಂಶದ್ದು, ಹಿಂದಿನ ದಿನ ಬೇಡ. ಟೊಮೇಟೊ, ಸೀಬೆಯಂಥ ಬೀಜದ ಪದಾರ್ಥವೂ ಬೇಡ. ಡಾಕ್ಟರು 'ತಿಳಿ ದ್ರವ ಮಾತ್ರ' ಅಂದಮೇಲೆ ಎಳನೀರು, ಸೋಸಿದ ನಿಂಬೆ ಶರಬತ್ತು, ಹಾಲಿಲ್ಲದ ಚಹಾ ಆಗಬಹುದು. ಮಜ್ಜಿಗೆ, ಹಾಲು ಆಗಲ್ಲ. ಬೀಟ್‌ರೂಟ್‌ನಂಥ ಕೆಂಪು ಬಣ್ಣದ್ದಂತೂ ಬೇಡವೇ ಬೇಡ, ಒಳಗೆ ರಕ್ತದ ಹಾಗೆ ಕಾಣ್ತದೆ. ಕಬ್ಬಿಣಾಂಶದ ಮಾತ್ರೆ, ರಕ್ತ ತೆಳು ಮಾಡುವ ಮಾತ್ರೆ, ಶುಗರ್ ಮಾತ್ರೆ, ಇನ್ಸುಲಿನ್ ಬಗ್ಗೆ ಮೊದಲೇ ಕೇಳಿಕೊಳ್ಳಿ. ಊಟವಿಲ್ಲದ ದಿನ ಎಂದಿನ ಶುಗರ್ ಔಷಧಿ ಕೊಟ್ಟರೆ ಸಕ್ಕರೆ ಇಳಿದು ತಲೆಸುತ್ತಿ ಬೀಳಬಹುದು. ನೀವಾಗೇ ನಿಲ್ಲಿಸಲೂಬೇಡಿ.

ಕೆಲಸ ಆಯ್ತು ಅಂತ ಗೊತ್ತಾಗೋದು ಹೇಗೆ? ಕೊನೆಗೆ ಹೋಗೋದು ಮೂತ್ರದ ಹಾಗೆ ತಿಳಿ ಹಳದಿ ನೀರಾಗಿರಬೇಕು. 'ಅಪ್ಪಾ, ಯಾವ ಬಣ್ಣ ಹೋಯ್ತು?' ಅಂತ ಕೇಳೋಕೆ ನಮಗೆ ಸಂಕೋಚ, ಹೇಳೋಕೆ ಅವರಿಗೆ ಇನ್ನೂ ಸಂಕೋಚ. ಆ ಒಂದು ದಿನದ ಮಟ್ಟಿಗೆ ಅದನ್ನು ಪಕ್ಕಕ್ಕಿಡಿ. ವಾಂತಿ ನಿಲ್ಲದಿದ್ದರೆ, ಹೊಟ್ಟೆ ಉಬ್ಬಿ ಜೋರಾಗಿ ನೋಯುತ್ತಿದ್ದರೆ, ಮಂಕು ಬಡಿದ ಹಾಗೆ ಮಾತಾಡಿದರೆ, ಎಚ್ಚರ ತಪ್ಪಿದರೆ ಔಷಧಿ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಇಷ್ಟೆಲ್ಲ ವಿವರ ಒಂದು ಚೀಟಿಯಲ್ಲಿ ಇರ್ತದೆ. ಆ ಚೀಟಿ ಇಂಗ್ಲಿಷಲ್ಲಿ, ಇಲ್ಲಾ ರಾಜ್ಯದ ಭಾಷೆಯಲ್ಲಿ. ನಿಮಗೆ ಮಲಯಾಳವೋ ಮರಾಠಿಯೋ ತಮಿಳೋ ತೆಲುಗೋ ಓದೋಕೆ ಬರ್ತದೆ. ಕನ್ನಡ ಶಾಲೆಯಲ್ಲಿ ನಾಲ್ಕು ಅಕ್ಷರ ಕಲಿತ ಅಜ್ಜಿಗೆ? ಇದರಲ್ಲಿ ಭಾಷಾಭಿಮಾನದ ಮಾತೇ ಬೇಡ, ಔಷಧಿ ಸರಿಯಾಗಿ ಕೆಲಸ ಮಾಡಲಿ ಅನ್ನೋದಷ್ಟೇ. ನಿಮ್ಮ ಊರಿನ ಆಸ್ಪತ್ರೆಗೆ ಹೋದಾಗ ಕೇಳಿ: 'ಈ ಸೂಚನೆ ಕನ್ನಡದಲ್ಲಿ ಇದೆಯಾ? ಇಲ್ಲದಿದ್ದರೆ ನಾವೇ ಬರೆದುಕೊಡ್ತೇವೆ, ಡಾಕ್ಟರು ಒಮ್ಮೆ ನೋಡಿ ಸರಿ ಅಂದರೆ ಸಾಕು.' ಒಂದೇ ಪುಟ. ಹೊತ್ತು, ಅಳತೆ, ಏನು ತಿನ್ನಬಾರದು, ಯಾವಾಗ ಫೋನ್ ಮಾಡಬೇಕು. ದೊಡ್ಡ ಅಕ್ಷರದಲ್ಲಿ.

ಎರಡು ಭಾಷೆ ಓದೋಕೆ ಬರೋದು ಗಡಿಯ ಹುಡುಗರಿಗೆ ಇರುವ ಶಕ್ತಿ. ಅದು ಮೊದಲು ಮನೆಯವರ ಜೀವಕ್ಕೆ ಉಪಯೋಗ ಆಗಲಿ.